ಅಕ್ಷರ ಮೊದಲು ಬೀಳಬೇಕಾದ್ದು ಕಿವಿಗೆ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ. ಚಿಕ್ಕಮಗಳೂರು ಜಿಲ್ಲೆಯ ಈ ಮೂರು ಮಲೆನಾಡ ತಾಲ್ಲೂಕುಗಳ ಹೆಸರನ್ನು ಎರಡನೆಯ ತರಗತಿಯ ಮಗುವಿಗೆ ಉಕ್ತಲೇಖನ ಕೊಟ್ಟು ನೋಡಿ. ದೊಡ್ಡವರ ಲೆಕ್ಕದಲ್ಲಿ ಕೊಪ್ಪ ಸುಲಭ, ನರಸಿಂಹರಾಜಪುರ ಕಷ್ಟ. ಬಸ್ಸಿನ ಬೋರ್ಡಿನಲ್ಲಿ ಅದು ‘ಎನ್.ಆರ್.ಪುರ’ ಆಗಿರುವುದೂ ಆ ಉದ್ದದ ಕಾರಣಕ್ಕೇ. ಮಗುವಿನ ಲೆಕ್ಕ ಬೇರೆ. ನರಸಿಂಹರಾಜಪುರದಲ್ಲಿ ಎಂಟು ಅಕ್ಷರಗಳಿದ್ದರೂ ಒಂದು ಗುಡಿಸು, ಒಂದು ಸೊನ್ನೆ, ಒಂದು ಇಳಿ, ಒಂದು ಕೊಂಬು ಬಿಟ್ಟರೆ ಉಳಿದದ್ದೆಲ್ಲ ಬರಿಯ ತಲಕಟ್ಟಿನ ಅಕ್ಷರ. ಒತ್ತಕ್ಷರ ಒಂದೂ ಇಲ್ಲ. ಬಿಡಿಸಿ ಹೇಳಿದರೆ ಮಗು ಬರೆದುಕೊಂಡು ಹೋಗುತ್ತದೆ. ಎರಡೇ ಅಕ್ಷರದ ಕೊಪ್ಪ ಮಾತ್ರ ಎಷ್ಟೋ ಸ್ಲೇಟುಗಳ ಮೇಲೆ ‘ಕೊಪ’ ಆಗಿಬಿಡುತ್ತದೆ. ಶೃಂಗೇರಿಯದು ಇನ್ನೂ ತೊಡಕು. ಶಕಾರಕ್ಕೆ ವಟ್ರಸುಳಿ, ಪಕ್ಕದಲ್ಲೇ ಸೊನ್ನೆ, ಅದರ ಬೆನ್ನಿಗೆ ಏತ್ವ. ಒಬ್ಬರು ‘ಶ್ರುಂಗೇರಿ’ ಎಂದು ಬರೆದರೆ, ಮನೆಯಲ್ಲಿ ಅಜ್ಜಿ ಅಂದದ್ದನ್ನು ಕೇಳಿ ಬೆಳೆದವರು ‘ಸಿಂಗೇರಿ’ ಎಂದು ಬರೆಯುತ್ತಾರೆ.

ಇವೆಲ್ಲ ತಪ್ಪುಗಳೇ, ಆದರೆ ಒಂದೇ ಬಗೆಯ ತಪ್ಪುಗಳಲ್ಲ. ‘ಸಿಂಗೇರಿ’ ಎಂದು ಬರೆದ ಮಗು ತನ್ನ ಕಿವಿಗೆ ಬಿದ್ದದ್ದನ್ನು ಒಂದಿಷ್ಟೂ ಬಿಡದೆ ಬರೆದಿದೆ. ಅದಕ್ಕೆ ಓದು ಬರಲು ತಡವಾಗದು. ‘ಕೊಪ’ ಎಂದು ಬರೆದ ಮಗುವಿಗೆ ಪಕಾರದ ಒತ್ತಿನ ಆಕಾರ ಮರೆತಿರಬಹುದು. ಅಥವಾ ಆ ಪದ ಹೇಳುವಾಗ ತುಟಿಗಳು ಒಂದು ಕ್ಷಣ ಹೆಚ್ಚಿಗೆ ಮುಚ್ಚಿಕೊಂಡೇ ನಿಂತವೆಂಬುದು ಗಮನಕ್ಕೇ ಬಂದಿಲ್ಲದಿರಬಹುದು. ಮೊದಲನೆಯದಾದರೆ ಒತ್ತನ್ನು ತೋರಿಸಿದರೆ ಸಾಕು. ಎರಡನೆಯದಾದರೆ ನೂರು ಸಲ ಕಾಪಿ ಬರೆಸಿದರೂ ನೂರಾ ಒಂದನೆಯ ಪದದಲ್ಲಿ ಅದೇ ತಪ್ಪು ಬರುತ್ತದೆ. ಆದ್ದರಿಂದ ಓದು ಬರಹ ಕಲಿಸುವವರು ಕೆಂಪು ಪೆನ್ನು ಎತ್ತುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಮಗುವಿಗೆ ಅದು ಕೇಳಿಸಿತೇ?

ಈ ಪ್ರಶ್ನೆಯಿಂದಲೇ ಹುಟ್ಟಿದ್ದು ಫೋನಿಕ್ಸ್. ಈಗ ಸಣ್ಣ ಪೇಟೆಗಳಲ್ಲೂ ‘ಫೋನಿಕ್ಸ್ ತರಗತಿ’ ಎಂಬ ಬೋರ್ಡು ಕಾಣುತ್ತದೆ. ಮೂರು ವರ್ಷದ ಮಗುವನ್ನೂ ಅಲ್ಲಿಗೆ ಸೇರಿಸುವ ತಂದೆತಾಯಿ ಇದ್ದಾರೆ. ಅವರ ಆತಂಕ ಅರ್ಥವಾಗುವಂಥದ್ದು. ಮಗು ಇಂಗ್ಲಿಷ್ ಓದಲಾರದೆ ಹಿಂದೆ ಬಿದ್ದರೆ ಎಂಬ ಭಯ ಅಡಿಕೆ ತೋಟದ ಮನೆಯಲ್ಲೂ ಇದೆ, ಎಸ್ಟೇಟಿನ ಲೈನ್ ಮನೆಯಲ್ಲೂ ಇದೆ. ಆದರೆ ಹಣ ಕಟ್ಟುವ ಮೊದಲು ಫೋನಿಕ್ಸ್ ಎಂದರೇನು, ಅದು ಯಾವ ಕಾಯಿಲೆಗೆ ಕೊಟ್ಟ ಮದ್ದು, ಕನ್ನಡದ ಮಗುವಿಗೆ ಅದರಲ್ಲಿ ಎಷ್ಟು ಬೇಕು ಎಂಬುದನ್ನು ತಿಳಿದುಕೊಳ್ಳುವುದು ಮೇಲು.

ಇಂಗ್ಲಿಷಿನ ಅಕ್ಷರಗಳು 26, ಅವು ಹೊರಡಿಸಬೇಕಾದ ಧ್ವನಿಗಳು ಸುಮಾರು 44. ಸಾಲದ್ದಕ್ಕೆ ಅಕ್ಷರದ ಹೆಸರೇ ಬೇರೆ, ಅದರ ಧ್ವನಿಯೇ ಬೇರೆ. ‘ಸಿ’ ಎಂಬ ಅಕ್ಷರ ಕ್ಯಾಟ್ ಪದದಲ್ಲಿ ‘ಕ್’ ಆಗುತ್ತದೆ, ಸಿಟಿ ಪದದಲ್ಲಿ ‘ಸ್’ ಆಗುತ್ತದೆ. ‘ಸಿ, ಎ, ಟಿ’ ಎಂದು ಹೆಸರುಗಳನ್ನು ಕೂಡಿಸಿದರೆ ‘ಕ್ಯಾಟ್’ ಎಂದಿಗೂ ಬಾರದು. ಇದಕ್ಕೆ ಫೋನಿಕ್ಸ್ ಕೊಟ್ಟ ಪರಿಹಾರ ಸರಳ. ಹೆಸರು ಬದಿಗಿಟ್ಟು ಧ್ವನಿಯನ್ನು ಕಲಿಸು, ಧ್ವನಿಗಳನ್ನು ಬೆಸೆದು ಪದವಾಗಿಸು, ಪದವನ್ನು ಮತ್ತೆ ಧ್ವನಿಗಳಾಗಿ ಬಿಡಿಸಿ ಬರೆಸು. ಬ್ರಿಟನ್ನಿನ ‘ಜಾಲಿ ಫೋನಿಕ್ಸ್’ ಮೊದಲು ಕಲಿಸುವುದು ‘ಎ, ಬಿ, ಸಿ’ಯನ್ನಲ್ಲ, ‘ಎಸ್, ಎ, ಟಿ, ಐ, ಪಿ, ಎನ್’ ಎಂಬ ಆರು ಅಕ್ಷರಗಳ ಧ್ವನಿಯನ್ನು. ಈ ಆರರಿಂದಲೇ ಸಿಟ್, ಪಿನ್, ಟಿಪ್, ಪ್ಯಾನ್, ಆ್ಯಂಟ್ ಹೀಗೆ ಹತ್ತಾರು ಪದ ಕಟ್ಟಬಹುದು. ಮಗು ಕಲಿತ ವಾರದಲ್ಲೇ ಓದಲು ಶುರುಮಾಡುತ್ತದೆ.

ಸ್ಕಾಟ್ಲೆಂಡಿನ ಕ್ಲಾಕ್‌ಮನನ್‌ಶೈರ್ ಎಂಬಲ್ಲಿ ಹೀಗೆ ಕಲಿತ ಮಕ್ಕಳನ್ನು ಏಳು ವರ್ಷ ಹಿಂಬಾಲಿಸಿದ ಅಧ್ಯಯನದ ವರದಿ 2005ರಲ್ಲಿ ಬಂತು. ಪದಗಳನ್ನು ಓದುವುದರಲ್ಲಿ ಆ ಮಕ್ಕಳು ತಮ್ಮ ವಯಸ್ಸಿಗಿಂತ ಮೂರೂವರೆ ವರ್ಷ ಮುಂದಿದ್ದರು. ಓದಿದ್ದನ್ನು ಅರ್ಥಮಾಡಿಕೊಳ್ಳುವುದರಲ್ಲಿ ಮುಂದಿದ್ದದ್ದು ಮೂರೂವರೆ ತಿಂಗಳು ಮಾತ್ರ. ಇಂಗ್ಲೆಂಡ್ ಸರ್ಕಾರ ಮೊದಲ ಅಂಕಿಯಿಂದ ಹುರುಪುಗೊಂಡು, 2006ರ ರೋಸ್ ವರದಿಯ ಬಳಿಕ ಈ ವಿಧಾನವನ್ನು ಎಲ್ಲ ಶಾಲೆಗಳಿಗೂ ತಂದಿತು. ಎರಡನೆಯ ಅಂಕಿಯನ್ನು ನಮ್ಮ ಜಾಹೀರಾತುಗಳು ಹೇಳುವುದಿಲ್ಲ. ಧ್ವನಿ ಬೆಸೆಯಲು ಬಂದಮಾತ್ರಕ್ಕೆ ಓದು ಬಂದಂತಾಗದು. ಆ ಪದ ಮಗುವಿನ ಮಾತಿನಲ್ಲಿ ಮೊದಲೇ ಇದ್ದರೆ ಅರ್ಥ ತಾನಾಗಿ ಬರುತ್ತದೆ. ಇಲ್ಲದಿದ್ದರೆ ಬಾಯಿ ಓದುತ್ತದೆ, ಮಗು ಓದುವುದಿಲ್ಲ.

ನಮ್ಮ ಅಕ್ಷರಮಾಲೆಯ ಕಟ್ಟು

ಕನ್ನಡಕ್ಕೆ ಬಂದರೆ ಚಿತ್ರವೇ ಬದಲಾಗುತ್ತದೆ. ನಮ್ಮಲ್ಲಿ ಅಕ್ಷರದ ಹೆಸರೂ ಧ್ವನಿಯೂ ಒಂದೇ. ‘ಗ’ ಎಂಬುದರ ಹೆಸರು ‘ಗ’, ಧ್ವನಿಯೂ ‘ಗ’. ವರ್ಣಮಾಲೆಯನ್ನು ಜೋಡಿಸಿದ್ದೇ ಬಾಯಿಯ ಒಳಗಿನ ದಾರಿಯನ್ನು ನೋಡಿ. ಕವರ್ಗ ಗಂಟಲಿನಲ್ಲಿ ಹುಟ್ಟುತ್ತದೆ, ಚವರ್ಗ ತಾಲುವಿನಲ್ಲಿ, ಟವರ್ಗ ನಾಲಗೆ ಮೇಲಕ್ಕೆ ಮಡಚಿದಾಗ, ತವರ್ಗ ಹಲ್ಲಿನ ಬುಡದಲ್ಲಿ, ಪವರ್ಗ ತುಟಿಗಳಲ್ಲಿ. ಒಂದೊಂದು ಸಾಲಿನಲ್ಲೂ ಅಲ್ಪಪ್ರಾಣ, ಮಹಾಪ್ರಾಣ, ಕೊನೆಗೆ ಮೂಗಿನ ಧ್ವನಿ. ಧ್ವನಿಯ ಇಷ್ಟು ದೊಡ್ಡ ಶಾಸ್ತ್ರವನ್ನು ನಾವು ಶಾಲೆಯಲ್ಲಿ ಬರಿಯ ಬಾಯಿಪಾಠ ಮಾಡಿಸಿ ಮುಗಿಸುತ್ತೇವೆ. ‘ಪ’ ಹೇಳುವಾಗ ತುಟಿ ಮುಚ್ಚಿತೇ ಎಂದು ಮಗುವನ್ನು ಯಾರೂ ಕೇಳುವುದಿಲ್ಲ.

ಹಾಗೆಂದು ಕನ್ನಡ ಓದುವುದು ಸುಲಭ, ಅದನ್ನು ಯಾರೂ ಕಲಿಸಬೇಕಾಗಿಲ್ಲ ಎಂದುಕೊಂಡರೆ ಪೆಟ್ಟು ತಿನ್ನುತ್ತೇವೆ. ಇಂಗ್ಲಿಷಿನ ಕಷ್ಟ ಅದರ ಹೊಂದಾಣಿಕೆಯಿಲ್ಲದ ಕಾಗುಣಿತದಲ್ಲಿದೆ. ಕನ್ನಡದ ಕಷ್ಟ ಅದರ ವಿಸ್ತಾರದಲ್ಲಿದೆ. ವರ್ಣಮಾಲೆಯಲ್ಲಿ 49 ಅಕ್ಷರ ಎನ್ನುತ್ತೇವೆ. ಆದರೆ 34 ವ್ಯಂಜನಗಳಿಗೆ 13 ಸ್ವರಗಳು ಕೂಡಿದರೆ ಕಾಗುಣಿತವೊಂದೇ 442 ರೂಪಗಳಾಗುತ್ತದೆ. ಅದರ ಮೇಲೆ ಒತ್ತಕ್ಷರ, ಅರ್ಕಾವತ್ತು, ಸೊನ್ನೆ, ವಿಸರ್ಗ. ‘ಮೊ’, ‘ಯೊ’, ‘ಮೋ’ದಂಥ ಕೆಲವು ರೂಪಗಳು ಉಳಿದವುಗಳ ಹಾಗೆ ನಡೆದುಕೊಳ್ಳುವುದೂ ಇಲ್ಲ. ‘ಸೂರ್ಯ’ದಲ್ಲಿ ರಕಾರ ಬಾಯಿಗೆ ಮೊದಲು ಬರುತ್ತದೆ, ಕೈಗೆ ಕೊನೆಗೆ ಬರುತ್ತದೆ. ಸೊನ್ನೆಯದಂತೂ ನಾಲ್ಕೈದು ವೇಷ. ಶೃಂಗೇರಿಯಲ್ಲಿ ಅದು ‘ಙ್’, ನರಸಿಂಹರಾಜಪುರದಲ್ಲಿ ‘ಮ್’, ದಂಡೆಯಲ್ಲಿ ‘ಣ್’, ಸಂತೆಯಲ್ಲಿ ‘ನ್’.

ಈ ವಿಸ್ತಾರ ಮಗುವಿನ ಮೇಲೆ ಎಷ್ಟು ಭಾರ ಎಂಬುದನ್ನು ಬೆಂಗಳೂರಿನ ಪ್ರಾಮಿಸ್ ಫೌಂಡೇಶನ್‌ನ ಸಂಶೋಧಕಿ ಸೊನಾಲಿ ನಾಗ್ 2007ರಲ್ಲಿ ಪ್ರಕಟವಾದ ತಮ್ಮ ಅಧ್ಯಯನದಲ್ಲಿ ತೋರಿಸಿಕೊಟ್ಟರು. ಕನ್ನಡ ಕಲಿಯುವ ಮಕ್ಕಳು ಮೊದಲ ವರ್ಷದಲ್ಲೇ ಅಕ್ಷರ ಕಲಿತು ಮುಗಿಸುವುದಿಲ್ಲ. ನಾಲ್ಕನೆಯ ತರಗತಿಯಲ್ಲೂ ಆ ಕಲಿಕೆ ನಡೆಯುತ್ತಲೇ ಇರುತ್ತದೆ. ಇನ್ನೊಂದು ಸಂಗತಿ ಅಷ್ಟೇ ಮುಖ್ಯ. ‘ಮರ’ ಎಂಬುದನ್ನು ‘ಮ, ರ’ ಎಂದು ಒಡೆಯುವುದು ಕನ್ನಡದ ಮಗುವಿಗೆ ಬೇಗ ಬರುತ್ತದೆ; ‘ಮ್, ಅ, ರ್, ಅ’ ಎಂದು ಒಡೆಯುವುದು ನಿಧಾನವಾಗಿ ಬರುತ್ತದೆ. ಅಂದರೆ ಇಂಗ್ಲಿಷ್ ಫೋನಿಕ್ಸ್ ಮೊದಲ ದಿನದಿಂದ ಬೇಡುವ ಅತಿ ಸಣ್ಣ ಚೂರು ನಮ್ಮ ಮಗುವಿನ ಕಿವಿಗೆ ಇನ್ನೂ ಸಿಕ್ಕಿರುವುದಿಲ್ಲ. ಆ ಮಗು ದಡ್ಡನಲ್ಲ. ಅದರ ಭಾಷೆ, ಅದರ ಲಿಪಿ ಅಕ್ಷರದ ಅಳತೆಯಲ್ಲಿ ಕೇಳಲು ಕಲಿಸಿವೆ.

ಅಕ್ಷರದ ಅಳತೆಯಲ್ಲಿ ಕೇಳುವ ಈ ಕಿವಿಯನ್ನು ಹದಗೊಳಿಸುವ ಆಟಗಳು ನಮ್ಮ ಮನೆಗಳಲ್ಲಿ ಶಾಲೆಗಿಂತ ಮೊದಲೇ ಇದ್ದವು. ಅಂತ್ಯಾಕ್ಷರಿ ಆಡುವ ಮಗು ಪದದ ಕೊನೆಯ ಅಕ್ಷರವನ್ನು ಕಿತ್ತು ಹೊಸ ಪದದ ತಲೆಗೆ ಇಡುತ್ತದೆ. ದೊಡ್ಡವರಿಗೆ ತಿಳಿಯಬಾರದೆಂದು ಮಕ್ಕಳು ಆಡುವ ‘ಕ ಭಾಷೆ’ಯಲ್ಲಿ ‘ನಾನು’ ಎಂಬುದು ‘ಕನಾಕನು’ ಆಗುತ್ತದೆ. ಒಂದೊಂದು ಅಕ್ಷರದ ಹಿಂದೆಯೂ ಕಕಾರ ತೂರಿಸಬೇಕಾದರೆ ಮಾತಿನ ವೇಗದಲ್ಲೇ ಪದ ಒಡೆಯುವುದು ಬಂದಿರಬೇಕು. ನಮ್ಮ ಹಳೆಯ ಕಾವ್ಯದ ಪ್ರಾಸ ಕೂಡ ಸಾಲಿನ ಎರಡನೆಯ ಅಕ್ಷರವನ್ನು ಹಿಡಿದು ನಡೆದದ್ದು. ಇವನ್ನು ಯಾರೂ ಪಾಠವೆಂದು ಕರೆದಿರಲಿಲ್ಲ. ಈಗ ಅಂಗನವಾಡಿಯಲ್ಲಿ ಎಬಿಸಿಡಿ ಹೇಳಿಸುವ ಹೊತ್ತಿನಲ್ಲಿ ಅರ್ಧವನ್ನು ಈ ಆಟಗಳಿಗೆ ಬಿಟ್ಟುಕೊಟ್ಟರೆ ಆಗುವ ಲಾಭ ಯಾವ ದುಬಾರಿ ಕಿಟ್‌ನಿಂದಲೂ ಬಾರದು.

ಶೃಂಗೇರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಶಾರದೆಯ ಸನ್ನಿಧಿಯಲ್ಲಿ ಅಕ್ಷರಾಭ್ಯಾಸ ಮಾಡಿಸಲು ನಾಡಿನ ಮೂಲೆಮೂಲೆಯಿಂದ ಸ್ಲೇಟು ಹಿಡಿದು ಮಕ್ಕಳನ್ನು ಕರೆತರುತ್ತಾರೆ. ಅದೇ ಊರಿನ ವೇದಪಾಠಶಾಲೆಗಳಲ್ಲಿ ಗುರು ಹೇಳಿದ್ದನ್ನು ಶಿಷ್ಯ ಕೇಳಿ ಹೇಳಿಯೇ ಕಲಿಯುತ್ತಾನೆ. ಪದಪಾಠದಲ್ಲಿ ಸಂಧಿ ಬಿಡಿಸಿ ಪದಗಳನ್ನು ಬೇರೆಮಾಡುತ್ತಾರೆ, ಕ್ರಮ, ಜಟೆ, ಘನ ಪಾಠಗಳಲ್ಲಿ ಹಿಂದೆಮುಂದೆ ಹೆಣೆಯುತ್ತಾರೆ. ಒಂದು ಸ್ವರ ಜಾರಿದರೆ ತಪ್ಪು ಎಂಬ ಎಚ್ಚರ ಅಲ್ಲಿ ಮೊದಲ ದಿನದಿಂದ ಇರುತ್ತದೆ. ಎಲ್ಲ ಮಕ್ಕಳೂ ವೇದ ಕಲಿಯಬೇಕೆಂದು ನಾನು ಹೇಳುತ್ತಿಲ್ಲ. ಕಿವಿಯನ್ನು ನಂಬಿ ಕಲಿಸುವ ಶಿಸ್ತು ಈ ನೆಲಕ್ಕೆ ಹೊಸತಲ್ಲ, ಅದನ್ನು ಸರ್ಕಾರಿ ಶಾಲೆಯ ಒಂದನೆಯ ತರಗತಿಗೂ ಹಕ್ಕಿನಿಂದ ತರಬೇಕು ಎಂಬುದಷ್ಟೇ ಮಾತು.

ಮಲೆನಾಡಿನಲ್ಲಿ ಶಾಲೆ ಇಲ್ಲದ ಕಾಲದಲ್ಲಿ ಘಟ್ಟದ ಕೆಳಗಿನಿಂದ ಬಂದ ಮೇಷ್ಟರು ಮನೆಯಲ್ಲೇ ಉಳಿದು ಅಕ್ಷರ ಕಲಿಸುತ್ತಿದ್ದರು. ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ 1904ರ ಡಿಸೆಂಬರ್ 29ರಂದು ಹುಟ್ಟಿ ಕುಪ್ಪಳಿಯಲ್ಲಿ ಬೆಳೆದ ಕುವೆಂಪು ಅವರಿಗೂ ಮೊದಲ ಅಕ್ಷರ ಸಿಕ್ಕಿದ್ದು ದಕ್ಷಿಣ ಕನ್ನಡದಿಂದ ಬಂದ ಅಂಥ ಒಬ್ಬ ಮೇಷ್ಟರಿಂದ. ಮುಂದೆ ಮೈಸೂರಿನಲ್ಲಿ ಓದುವಾಗ ಇಂಗ್ಲಿಷಿನಲ್ಲೇ ಕವಿತೆ ಬರೆಯಲು ತೊಡಗಿದ ಅವರಿಗೆ ಕನ್ನಡದಲ್ಲಿ ಬರೆ ಎಂದು ಹೇಳಿದವರು ಐರಿಷ್ ಕವಿ ಜೇಮ್ಸ್ ಕಸಿನ್ಸ್. ಕನ್ನಡದಲ್ಲಿ ಗಟ್ಟಿಯಾಗಿ ಬೇರೂರಿದವರಿಗೆ ಇಂಗ್ಲಿಷ್ ದಕ್ಕದೆ ಹೋಗುವುದಿಲ್ಲ ಎಂಬುದಕ್ಕೆ ಈ ಭಾಗದವರು ದೂರ ಹುಡುಕಬೇಕಾಗಿಲ್ಲ.

ರ ಗ ಸ ದ ಅ

1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಸರ್ಕಾರಿ ಶಾಲೆಯ ಶಿಕ್ಷಕರು ಯುನಿಸೆಫ್ ನೆರವಿನಿಂದ, ಆಂಧ್ರದ ರಿಷಿವ್ಯಾಲಿಯ ಗ್ರಾಮೀಣ ಶಾಲೆಗಳನ್ನು ನೋಡಿ ಬಂದು ‘ನಲಿಕಲಿ’ ಶುರುಮಾಡಿದರು. 2009–10ರಲ್ಲಿ ಅದು ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿಗೆಲ್ಲ ಬಂತು. ಕೊಪ್ಪ, ಶೃಂಗೇರಿ, ಎನ್.ಆರ್.ಪುರದಂಥ ತಾಲ್ಲೂಕುಗಳಿಗೆ ಇದು ಹೇಳಿ ಮಾಡಿಸಿದಂಥದ್ದು. ಮನೆಗಳು ಗುಡ್ಡಕ್ಕೊಂದರಂತೆ ಚದುರಿರುವ ಇಲ್ಲಿ ಶಾಲೆಗಳು ಸಣ್ಣವು, ಮಕ್ಕಳು ಕಡಿಮೆ, ಒಂದರಿಂದ ಮೂರನೆಯ ತರಗತಿಯವರು ಒಂದೇ ಕೋಣೆಯಲ್ಲಿ ಒಬ್ಬರೇ ಟೀಚರ ಮುಂದೆ ಕೂರುತ್ತಾರೆ. ನಲಿಕಲಿಯಲ್ಲಿ ಮಗು ಕಲಿಕಾ ಏಣಿಯ ಮೆಟ್ಟಿಲುಗಳನ್ನು ತನ್ನ ವೇಗದಲ್ಲಿ ಹತ್ತುತ್ತದೆ. ಕೆಲವು ಕಾರ್ಡುಗಳಿಗೆ ಟೀಚರ ನೆರವು, ಕೆಲವಕ್ಕೆ ಪಕ್ಕದ ಮಗುವಿನ ನೆರವು, ಕೆಲವಕ್ಕೆ ಯಾರೂ ಬೇಡ. ಮಳೆಗೆ ವಾರಗಟ್ಟಲೆ ಬಾರದೆ ಹೋದ ಮಗು ತಾನು ನಿಂತ ಮೆಟ್ಟಿಲಿನಿಂದಲೇ ಮತ್ತೆ ಶುರುಮಾಡಬಹುದು.

ಕನ್ನಡ ಶಾಲೆಗಳು ಅಕ್ಷರ ಕಲಿಸುವ ಕ್ರಮದಲ್ಲೂ ಒಂದು ಜಾಣತನವಿದೆ. ‘ಅ ಆ ಇ ಈ’ ಬಿಟ್ಟು ‘ರ ಗ ಸ ದ ಅ’ ಎಂದು ಶುರು. ಬರೆಯಲು ಕೈಗೆ ಸಲೀಸಾದ, ತಕ್ಷಣ ಪದವಾಗುವ ಅಕ್ಷರಗಳು ಇವು. ಐದೇ ಅಕ್ಷರದಲ್ಲಿ ಸರ, ದರ, ಅರಸ, ಅಗಸ, ಗರಗಸ. ಮುಂದಿನ ಗುಂಪು ‘ಜ ವ ಮ ಬ ನ’ ಬಂದರೆ ಮರ, ದನ, ಜನ, ವನ, ಬಸವ. ಮಲೆನಾಡಿನ ಮಗುವಿಗೆ ಮರ, ದನ ಎರಡು ಸಿಕ್ಕಿದರೆ ಅರ್ಧ ಮನೆಯೇ ಸಿಕ್ಕಿದ ಹಾಗೆ. ‘ಎಸ್, ಎ, ಟಿ, ಐ, ಪಿ, ಎನ್’ ಎಂದು ಆರಿಸಿದವರ ತಲೆಯಲ್ಲಿ ಇದ್ದದ್ದೂ ಇದೇ ಉಪಾಯ. ಫೋನಿಕ್ಸ್ ಎಂಬ ಬೋರ್ಡು ಇಲ್ಲದೆಯೇ ನಮ್ಮ ಸರ್ಕಾರಿ ಶಾಲೆಯಲ್ಲಿ ಅದು ನಡೆಯುತ್ತಿದೆ, ಅದೂ ಪುಕ್ಕಟೆಯಾಗಿ. ಈ ಮಾತನ್ನು ತಂದೆತಾಯಿಗೆ ಗಟ್ಟಿಯಾಗಿ ಹೇಳುವವರು ಕಡಿಮೆ.

ಆದರೆ ಒಂದು ಕಡೆ ಈ ದಾರಿ ಸೊರಗುತ್ತದೆ. ಮಗು ಮಾತು ಕಲಿತದ್ದೇ ಅಮ್ಮ, ಅಪ್ಪ, ಅಜ್ಜಿ, ಅಕ್ಕ, ಅಣ್ಣ ಎಂದು. ಇವುಗಳಲ್ಲಿ ಒತ್ತಕ್ಷರವಿಲ್ಲದ ಪದ ಒಂದೂ ಇಲ್ಲ. ಅನ್ನ, ಹಲ್ಲು, ಹಳ್ಳ, ಗುಡ್ಡ, ಗದ್ದೆ, ಕತ್ತಿ, ಬೆಲ್ಲ ಎಲ್ಲವೂ ಹಾಗೆಯೇ. ಒತ್ತಕ್ಷರ ಕಷ್ಟ ಎಂದು ಅದನ್ನು ಕಾಗುಣಿತವೆಲ್ಲ ಮುಗಿದ ಮೇಲೆ ಕಡೆಗೆ ಇಡುತ್ತೇವೆ. ಆಗ ವರ್ಷ ಮುಗಿಯುತ್ತ ಬಂದಿರುತ್ತದೆ. ಹಿಂದುಳಿದ ಮಗು ಅಲ್ಲಿಯವರೆಗೆ ತಲುಪುವುದೇ ಇಲ್ಲ. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದ ಸಂಶೋಧಕರು ಯಾದಗಿರಿಯ ಶಾಲೆಗಳಲ್ಲಿ ಒಂದೇ ಗುಂಪಿನ ಮಕ್ಕಳನ್ನು ಒಂದರಿಂದ ಮೂರನೆಯ ತರಗತಿಯವರೆಗೆ ಹಿಂಬಾಲಿಸಿ ನೋಡಿದಾಗ, ಮೂರು ವರ್ಷ ಮುಗಿದರೂ ಬಹಳಷ್ಟು ಮಕ್ಕಳಿಗೆ ಒಂದು ಪುಟ್ಟ ಪಠ್ಯವನ್ನು ಓದಿ ತಿಳಿಯುವುದು ಸಾಧ್ಯವಾಗಿರಲಿಲ್ಲ. ಯಾದಗಿರಿಯ ಬಡತನವೂ ಮಲೆನಾಡಿನ ಬದುಕೂ ಬೇರೆ ಬೇರೆ. ಏಣಿ ಮಾತ್ರ ಒಂದೇ.

ನನ್ನ ಅಭಿಪ್ರಾಯ ಸ್ಪಷ್ಟ: ಸಜಾತೀಯ ಒತ್ತನ್ನು, ಅಂದರೆ ‘ಮ್ಮ, ಪ್ಪ, ಕ್ಕ, ಲ್ಲ’ಗಳನ್ನು, ಒಂದನೆಯ ತರಗತಿಯ ಮೊದಲರ್ಧದಲ್ಲೇ ಕಿವಿಯ ಮೂಲಕ ಪರಿಚಯಿಸಬೇಕು. ಬರೆಯುವುದು ಆಮೇಲೆ ಬರಲಿ. ‘ಕತೆ’ ಎನ್ನುವಾಗ ಒಂದು ಚಪ್ಪಾಳೆ, ‘ಕತ್ತೆ’ ಎನ್ನುವಾಗ ನಡುವೆ ಕೈ ಒತ್ತಿ ಹಿಡಿದು ಚಪ್ಪಾಳೆ. ಬೆಲೆ ಎಲ್ಲಿ, ಬೆಲ್ಲ ಎಲ್ಲಿ ಎಂದು ಕೇಳಿಸಬೇಕು. ವಿಜಾತೀಯ ಒತ್ತು, ಅಂದರೆ ‘ಸ್ತ, ಕ್ಷ, ಸ್ಪ್ರ’ದಂಥವು, ಎರಡನೆಯ ತರಗತಿಗೆ ಉಳಿಯಲಿ, ಅವು ಹೆಚ್ಚಾಗಿ ಪುಸ್ತಕದ ಪದಗಳು. ಮನೆಯ ಪದಗಳಿಗೆ ಮಗುವನ್ನು ಕಾಯಿಸಬಾರದು.

ಒತ್ತಿನಂತೆಯೇ ಹ್ರಸ್ವ ದೀರ್ಘ. ಬಳೆಗೂ ಬಾಳೆಗೂ, ಕರುವಿಗೂ ಕಾರಿಗೂ, ಕೊಡುವುದಕ್ಕೂ ದನದ ಕೋಡಿಗೂ ನಡುವೆ ಇರುವುದು ಉಸಿರಿನ ಉದ್ದ ಮಾತ್ರ. ಲಕಾರ, ಳಕಾರದ ಜೋಡಿಗಳೂ ಇವೆ: ಹಲ್ಲಿ ಮತ್ತು ಹಳ್ಳಿ, ಹುಲಿ ಮತ್ತು ಹುಳಿ, ಮಲೆ ಮತ್ತು ಮಳೆ. ಇಂಥ ಜೋಡಿಗಳನ್ನು ಚಿತ್ರ ತೋರಿಸಿ ಆಡಿಸಿದರೆ ಮಕ್ಕಳು ನಕ್ಕು ನಕ್ಕು ಕಲಿಯುತ್ತಾರೆ. ಒಂದು ಗೆರೆ ತಪ್ಪಿದರೆ ಅರ್ಥವೇ ಬೇರೆಯಾಗುತ್ತದೆ ಎಂದು ಒಮ್ಮೆ ಕಂಡ ಮಗು ಕಾಗುಣಿತವನ್ನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ.

ಮಹಾಪ್ರಾಣದ ಮಾತು ಬೇರೆ. ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ ಅವರು ‘ಕನ್ನಡ ಬರಹವನ್ನು ಸರಿಪಡಿಸೋಣ’ ಎಂಬ ಪುಸ್ತಕ ಬರೆದು, 'ಖ, ಘ, ಭ'ದಂಥ ಅಕ್ಷರಗಳು ಹೆಚ್ಚಿನ ಕನ್ನಡಿಗರ ಬಾಯಲ್ಲೇ ಇಲ್ಲ, ಮಕ್ಕಳ ಮೇಲೆ ಆ ಹೊರೆ ಏಕೆ ಎಂದು ವಾದಿಸಿದರು. ಅಕ್ಷರಗಳನ್ನು ಕೈಬಿಡುವುದು ನನಗೆ ಒಪ್ಪಿಗೆಯಿಲ್ಲ; ಇಷ್ಟು ಶತಮಾನಗಳ ಬರಹಕ್ಕೆ ಮಗುವಿನ ದಾರಿ ಮುಚ್ಚಬಾರದು. ಆದರೆ ಅವರು ತೋರಿಸಿದ ಅಂಶ ನಿಜ. ಬಾಯಲ್ಲಿ ಇಲ್ಲದ ವ್ಯತ್ಯಾಸವನ್ನು ಕಿವಿ ಹಿಡಿಯಲಾರದು. ಆದ್ದರಿಂದ ಭೂಮಿ, ಧನ, ಷಷ್ಠಿಗಳ ಕಾಗುಣಿತ ಕಣ್ಣಿನಿಂದ, ಓದಿ ಓದಿ ಬರಬೇಕಾದದ್ದು. ಒಂದನೆಯ ತರಗತಿಯಲ್ಲಿ ಅದಕ್ಕೆ ಅಂಕ ಕಳೆಯುವುದು ಸರಿಯಲ್ಲ.

ಒಂದು ಕೋಣೆ, ಹಲವು ಮನೆಮಾತು

ಈ ಮೂರು ತಾಲ್ಲೂಕುಗಳ ತರಗತಿಯಲ್ಲಿ ಕನ್ನಡ ಒಂದೇ ಇರುವುದಿಲ್ಲ. ಘಟ್ಟ ಹತ್ತಿ ಬಂದ ತುಳು, ಕೊಂಕಣಿ, ಬ್ಯಾರಿ ಮನೆಗಳಿವೆ. ಎನ್.ಆರ್.ಪುರ, ಬಾಳೆಹೊನ್ನೂರು ಕಡೆ ಕೇರಳದಿಂದ ಬಂದು ನೆಲೆಸಿದವರ ಮಲಯಾಳ ಇದೆ. ಉರ್ದು ಇದೆ, ಎಸ್ಟೇಟುಗಳಲ್ಲಿ ತಮಿಳು ಇದೆ, ಈಚೆಗೆ ಕಾಫಿ ತೋಟದ ಕೆಲಸಕ್ಕೆ ಬಂದ ಅಸ್ಸಾಮಿನವರ ಮಕ್ಕಳೂ ಇದ್ದಾರೆ. ಇವರ ತಪ್ಪುಗಳನ್ನು ಮನೆಮಾತು ಅರಿತು ನೋಡಿದರೆ ಎಲ್ಲಕ್ಕೂ ಕಾರಣ ಕಾಣುತ್ತದೆ. ಉರ್ದು ಮಾತಾಡುವ ಮಗುವಿಗೆ ಖ, ಧ, ಭ ಸಲೀಸು. ಳ, ಣ ತೊಡಕು. ಕನ್ನಡ, ತುಳು ಮಕ್ಕಳಿಗೆ ಸರಿಯಾಗಿ ಇದರ ತಿರುವು. ತಮಿಳಿನಲ್ಲಿ ಕಕಾರ ಗಕಾರಕ್ಕೆ, ಪಕಾರ ಬಕಾರಕ್ಕೆ ಬೇರೆ ಬೇರೆ ಅಕ್ಷರವಿಲ್ಲ, ಆದ್ದರಿಂದ ಅವು ಅದಲುಬದಲಾಗುತ್ತವೆ. ಅಸ್ಸಾಮಿಯಲ್ಲಿ ತ ಮತ್ತು ಟ, ದ ಮತ್ತು ಡ ಒಂದೇ ಧ್ವನಿಯಾಗಿ ಬೆರೆತಿವೆ. ಚಕಾರ ಸಕಾರದಂತೆ ಕೇಳಿಸುತ್ತದೆ. ಆ ಮಗು ‘ತಟ್ಟೆ’ ಬರೆಯಲು ತಡವರಿಸಿದರೆ ಅದು ಸೋಮಾರಿತನವಲ್ಲ. ಉರ್ದು ಮಗುವನ್ನೂ ಕನ್ನಡದ ಮಗುವನ್ನೂ ಜೋಡಿ ಕೂರಿಸಿ ಒಬ್ಬರಿಗೊಬ್ಬರು ‘ಭ’, ‘ಳ’ ಹೇಳಿಕೊಡಲು ಬಿಟ್ಟರೆ ನಲಿಕಲಿಯ ‘ಸಹಪಾಠಿಯ ನೆರವು’ ಎಂಬ ಮಾತಿಗೆ ನಿಜವಾದ ಅರ್ಥ ಬರುತ್ತದೆ.

ಮಳೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಒಂದನೆಯ ತರಗತಿಗೆ ಅಕ್ಷರ ಶುರುವಾಗುವುದು ಜೂನ್‌ನಲ್ಲಿ. ಕಿಗ್ಗ, ಕೆರೆಕಟ್ಟೆಯ ಕಡೆ ಮಳೆ ಹಿಡಿದುಕೊಳ್ಳುವುದೂ ಆಗಲೇ. ಹಳ್ಳ ಬಂದರೆ ಸಂಕ ದಾಟುವಂತಿಲ್ಲ, ಜಿಲ್ಲಾಡಳಿತ ರಜೆ ಕೊಡುತ್ತದೆ. ಬಂದ ದಿನವೂ ಹೆಂಚು, ತಗಡಿನ ಮೇಲೆ ಸುರಿಯುವ ಸದ್ದಿನಲ್ಲಿ ಟೀಚರ ಮಾತು ಮೂರನೆಯ ಸಾಲಿಗೆ ತಲುಪುವುದಿಲ್ಲ. ‘ಮ’ವೋ ‘ನ’ವೋ ಎಂದು ಮಗು ತುಟಿ ನೋಡಿ ಊಹಿಸಬೇಕು. ಧ್ವನಿಯ ಪಾಠವನ್ನು ಸಣ್ಣ ಗುಂಪಿನಲ್ಲಿ, ಹತ್ತಿರ ಕೂರಿಸಿಕೊಂಡು ಮಾಡಿ, ಬರವಣಿಗೆಯನ್ನು ಜಡಿಮಳೆಯ ಹೊತ್ತಿಗೆ ಇಟ್ಟುಕೊಳ್ಳುವ ಸ್ವಾತಂತ್ರ್ಯ ಇಲ್ಲಿನ ಶಿಕ್ಷಕರಿಗೆ ಇರಬೇಕು. ಬಯಲುಸೀಮೆಯ ವೇಳಾಪಟ್ಟಿ ಇಲ್ಲಿಗೆ ಹೊಂದದು.

ಕೋವಿಡ್ ಕಾಲದಲ್ಲಿ ಒಂದರಿಂದ ಐದನೆಯ ತರಗತಿಗಳು 2020ರ ಮಾರ್ಚ್‌ನಿಂದ 2021ರ ಅಕ್ಟೋಬರ್ 25ರವರೆಗೆ ಮುಚ್ಚಿದ್ದವು. ಮಲೆನಾಡಿನಲ್ಲಿ ನೆಟ್‌ವರ್ಕ್ ಹುಡುಕಿ ಗುಡ್ಡ ಹತ್ತಿದವರು ದೊಡ್ಡ ಮಕ್ಕಳು. ಅಕ್ಷರ ಕಲಿಯಬೇಕಾದವರಿಗೆ ಮೊಬೈಲಿನಿಂದ ಆದದ್ದು ಅಷ್ಟರಲ್ಲೇ. ‘ಅಸರ್’ ಸಮೀಕ್ಷೆಯ ಪ್ರಕಾರ ದೇಶದ ಹಳ್ಳಿಗಳಲ್ಲಿ ಎರಡನೆಯ ತರಗತಿಯ ಪಾಠ ಓದಬಲ್ಲ ಮೂರನೆಯ ತರಗತಿಯ ಮಕ್ಕಳು 2022ರಲ್ಲಿ ಶೇ 20.5, 2024ರಲ್ಲಿ ಶೇ 27.1. ಚೇತರಿಕೆ ಇದೆ. ಆದರೂ ನಾಲ್ವರಲ್ಲಿ ಮೂವರು ಇನ್ನೂ ಹೊರಗಿದ್ದಾರೆ.

ಇಂಗ್ಲಿಷಿಗೆ ಯಾವಾಗ, ಹೇಗೆ

ಇಂಗ್ಲಿಷ್ ಬೇಡವೆಂದು ಹೇಳುವ ಹಕ್ಕು ಯಾರಿಗೂ ಇಲ್ಲ. ಸರ್ಕಾರಿ ಶಾಲೆಗಳಲ್ಲಿ 2007–08ರಿಂದ ಒಂದನೆಯ ತರಗತಿಯಲ್ಲೇ ಇಂಗ್ಲಿಷ್ ಒಂದು ಭಾಷೆಯಾಗಿ ಇದೆ. 2019–20ರಲ್ಲಿ ಸಾವಿರ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗ ತೆರೆದರು. ಪ್ರಶ್ನೆ ಕ್ರಮದ್ದು. ಮೊದಲ ಎರಡು ವರ್ಷ ಇಂಗ್ಲಿಷ್ ಕಿವಿಗೂ ಬಾಯಿಗೂ ಇರಲಿ: ಹಾಡು, ಕತೆ, ಸಣ್ಣ ಮಾತು. ಕನ್ನಡದ ಕಾಗುಣಿತ ಕೈಗೆ ಹತ್ತಿದ ಮೇಲೆ ಇಂಗ್ಲಿಷ್ ಫೋನಿಕ್ಸ್ ಶುರುಮಾಡಿದರೆ ಕೆಲಸ ಅರ್ಧಕ್ಕರ್ಧ ಇಳಿಯುತ್ತದೆ. ‘ಕ್ + ಇ = ಕಿ’ ಎಂದು ಬೆಸೆಯಲು ಬಂದವರಿಗೆ ‘ಪ್, ಇ, ನ್’ ಬೆಸೆಯುವುದು ಹೊಸ ವಿದ್ಯೆಯಲ್ಲ. ನಮ್ಮಲ್ಲಿ ಎ, ಏ ಎರಡೂ ಇರುವುದರಿಂದ ‘ಪೆನ್’, ‘ಪೇನ್’ ಎಂಬ ವ್ಯತ್ಯಾಸ ಕನ್ನಡದ ಮಗುವಿಗೆ ಕೂಡಲೇ ಹೊಳೆಯುತ್ತದೆ. ಹಿಂದಿಯ ಲಿಪಿಯಲ್ಲಿ ಈ ಅನುಕೂಲವಿಲ್ಲ.

ತೊಡಕು ಬೇರೆ ಕಡೆ ಇದೆ. ಕನ್ನಡದ ಪದಗಳು ಬಹುತೇಕ ಸ್ವರದಲ್ಲಿ ಮುಗಿಯುತ್ತವೆ; ಬಸ್ ನಮಗೆ ಬಸ್ಸು, ಕಾರ್ ಕಾರು. ಹೀಗಾಗಿ ಕಲಿಸುವವರೇ ಧ್ವನಿಗೆ ಅಕಾರ ಸೇರಿಸಿ ‘ಬ, ಆ್ಯ, ಟ’ ಎಂದು ಹೇಳಿಕೊಟ್ಟುಬಿಡುತ್ತಾರೆ. ಆ ಮೂರನ್ನು ಎಷ್ಟು ಬೆಸೆದರೂ ಬ್ಯಾಟ್ ಆಗುವುದಿಲ್ಲ, ‘ಬ್ಯಾಟ’ ಆಗುತ್ತದೆ. ‘ಬ್’, ‘ಟ್’ ಎಂದು ಅರ್ಧಕ್ಕೆ ನಿಲ್ಲಿಸಲು ಕಲಿಯದ ಶಿಕ್ಷಕರ ಕೈಯಲ್ಲಿ ಎಷ್ಟು ಚೆಂದದ ಕಾರ್ಡು ಕೊಟ್ಟರೂ ಫೋನಿಕ್ಸ್ ನಡೆಯದು. ಮಗುವನ್ನು ಸೇರಿಸುವ ಮೊದಲು ಒಂದು ತರಗತಿ ಕೂತು ಕೇಳಿ. ಇದೊಂದನ್ನೇ ಗಮನಿಸಿದರೂ ಸಾಕು.

ಇಂಗ್ಲೆಂಡಿನ ಇನ್ನೊಂದು ಉಪಾಯವನ್ನು ಕನ್ನಡಕ್ಕೂ ತರಬಹುದು. ಅಲ್ಲಿ 2012ರಿಂದ ಆರು ವರ್ಷದ ಮಕ್ಕಳಿಗೆ 40 ಪದಗಳ ಸಣ್ಣ ಪರೀಕ್ಷೆ ಇದೆ. ಅರ್ಧ ಪದಗಳಿಗೆ ಅರ್ಥವೇ ಇಲ್ಲ. ನೆನಪಿನಿಂದ ಒಪ್ಪಿಸುವ ಮಗು ಅಲ್ಲಿ ನಿಂತುಬಿಡುತ್ತದೆ. ನಮ್ಮಲ್ಲೂ ಪಾಠದ ಪುಟವನ್ನು ಗಿಣಿಯಂತೆ ಒಪ್ಪಿಸುವ ಮಕ್ಕಳಿದ್ದಾರೆ. ‘ಗಮಸ’, ‘ದಬಿನು’, ‘ರೊಪ್ಪೆ’ ಎಂದು ಬರೆದು ತೋರಿಸಿ. ತಡವರಿಸದೆ ಓದಿದರೆ ಅಕ್ಷರ ಬಂದಿದೆ. ಇಷ್ಟೆಲ್ಲ ಆದಮೇಲೂ, ಚೆನ್ನಾಗಿ ಮಾತಾಡುವ ಮಗು ಎರಡು ವರ್ಷ ಕಲಿತು ಅಕ್ಷರ ಕೂಡಿಸಲಾರದೆ ಹೋದರೆ ಬೈಯದೆ ತಜ್ಞರಿಗೆ ತೋರಿಸಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಕಲಿಕೆಯ ಇಂಥ ತೊಂದರೆಯನ್ನೂ ಒಳಗೊಂಡಿದೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಪರೀಕ್ಷೆಯ ವ್ಯವಸ್ಥೆ ಇದೆ, ಆದರೆ ಕೊಪ್ಪದಿಂದ ಅದು ಕೂಲಿ ಬಿಟ್ಟು ಹೋಗಬೇಕಾದ ದೂರ. ತಾಲ್ಲೂಕು ಆಸ್ಪತ್ರೆಗೆ ತಿಂಗಳಿಗೊಮ್ಮೆಯಾದರೂ ಅಂಥ ತಜ್ಞರು ಬರುವಂತಾಗಬೇಕು.

ಮನೆಯಲ್ಲಿ ಮಾಡಬೇಕಾದ್ದಕ್ಕೆ ಖರ್ಚಿಲ್ಲ. ಅಡಿಕೆ ಸುಲಿಯುವಾಗ ಅಂತ್ಯಾಕ್ಷರಿ ಆಡಿ. ಗೊರಬು, ಇಂಬಳ, ಸಂಕ, ಹಾಳೆ, ಕೊನೆ ಎಂದು ಮಗುವಿನ ಸುತ್ತಲಿನ ಪದಗಳನ್ನೇ ಉಕ್ತಲೇಖನ ಕೊಡಿ; ತಪ್ಪಿದ ಪದವನ್ನು ತಿದ್ದುವ ಮೊದಲು ನಿಧಾನವಾಗಿ ಇನ್ನೊಮ್ಮೆ ಹೇಳಿ, ಅದೇ ಕಂಡುಕೊಳ್ಳಲು ಬಿಡಿ. ಕನ್ನಡ ಓದಲು ಬಾರದ ಅಮ್ಮಂದಿರೂ ಮಲಯಾಳದಲ್ಲೋ ತುಳುವಿನಲ್ಲೋ ಕತೆ ಹೇಳಲಿ, ಕಿವಿ ಹದವಾಗಲು ಯಾವ ಭಾಷೆಯಾದರೂ ಆದೀತು. ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳಲ್ಲಿ, ಈಗಿನ ‘ಅರಿವು ಕೇಂದ್ರ’ಗಳಲ್ಲಿ, 2020ರ ‘ಓದುವ ಬೆಳಕು’ ಅಭಿಯಾನದಿಂದ ಮಕ್ಕಳಿಗೆ ಉಚಿತ ಸದಸ್ಯತ್ವವಿದೆ. ಅಲ್ಲಿ ದಿನಪತ್ರಿಕೆ, ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕಗಳಷ್ಟೇ ಕಂಡರೆ ಮಕ್ಕಳ ಪುಸ್ತಕ ತರಿಸಲು ಶಾಲಾಭಿವೃದ್ಧಿ ಸಮಿತಿಯವರು (ಎಸ್‌ಡಿಎಂಸಿ) ಪಂಚಾಯಿತಿಗೆ ಅರ್ಜಿ ಕೊಡಬೇಕು. ಪ್ರಥಮ್ ಬುಕ್ಸ್‌ನವರ ‘ಸ್ಟೋರಿವೀವರ್’ ತಾಣದಲ್ಲಿ ಕನ್ನಡದ ಚಿತ್ರಕತೆಗಳು ಪುಕ್ಕಟೆಯಾಗಿ ಸಿಗುತ್ತವೆ, ಬೇಕಾದವನ್ನು ಮುದ್ರಿಸಿಕೊಳ್ಳಲೂಬಹುದು. ಆರಿಸುವಾಗ ದೊಡ್ಡ ಅಕ್ಷರ, ಪುಟಕ್ಕೆ ಎರಡು ಮೂರು ಸಾಲು, ಮತ್ತು ಅಮ್ಮ, ಅಜ್ಜ, ಗುಡ್ಡ, ಹಳ್ಳಗಳು ಮತ್ತೆ ಮತ್ತೆ ಬರುವ ಕತೆ ಇರುವಂತೆ ನೋಡಿಕೊಳ್ಳಿ. ಎರಡನೆಯ ತರಗತಿಯ ಮಗುವಿಗೆ ಒತ್ತಕ್ಷರ ಗಟ್ಟಿಯಾಗುವುದು ಅಂಥ ಹತ್ತಿಪ್ಪತ್ತು ಪುಸ್ತಕ ಕೈದಾಟಿದ ಮೇಲೆಯೇ.